ಯಾರ ನೋಟ್‌ಬುಕ್ ಬಂದಿಲ್ಲ? ಈ ತಲೆನೋವು ನಿಂತಿದ್ದು ಹೀಗೆ

ತರಗತಿಯಲ್ಲಿ 45 ಮಕ್ಕಳು. ತಿದ್ದಲು ನೋಟ್‌ಬುಕ್ ತೆಗೆದುಕೊಂಡರೆ ಯಾರದ್ದು ಬಂದಿದೆ, ಯಾರದ್ದು ಇಲ್ಲ ಅಂತ ಗೊತ್ತೇ ಆಗುತ್ತಿರಲಿಲ್ಲ. ಕೊಟ್ಟವರ ಹೆಸರು ಬರೆದಿಟ್ಟೆ, ಅರ್ಧ ಪಿರಿಯಡ್ ಅದಕ್ಕೇ ಹೋಯಿತು. ಲೀಡರ್‌ಗೆ ವಹಿಸಿದೆ, ಅವನು ಬಾರದ ದಿನ ಲೆಕ್ಕ ತಪ್ಪಿತು.

ಕೊನೆಗೆ ಕೈಹಿಡಿದಿದ್ದು ಹಾಜರಿ ಸಂಖ್ಯೆ. ಪ್ರತಿ ನೋಟ್‌ಬುಕ್ಕಿನ ರಟ್ಟಿನ ಮೇಲೆ, ಬಲಗಡೆ ಮೇಲಿನ ಮೂಲೆಯಲ್ಲಿ, ದಪ್ಪ ಮಾರ್ಕರ್‌ನಲ್ಲಿ ಬರೆಸಿದೆ. ಎಲ್ಲರದ್ದೂ ಅದೇ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಜೋಡಿಸುವಾಗ ಸುಮ್ನೆ ಹುಡುಕಾಟ. ಮೇಜಿನ ಮೇಲೆ ಮೂರು ಟ್ರೇ: 1–15, 16–30, 31–45. ಹಾಜರಿ ಕರೆಯುವ ಮೊದಲೇ ಮಕ್ಕಳು ತಮ್ಮ ಟ್ರೇಯಲ್ಲಿ ಇಡುತ್ತಾರೆ. ನಾನು ಕ್ರಮವಾಗಿ ಜೋಡಿಸಿ, ಬಾರದ ಸಂಖ್ಯೆಗಳನ್ನು ಮಾತ್ರ ಡೈರಿಯ ಆ ದಿನದ ಪುಟದಲ್ಲಿ ಬರೆದು, ಅವರಲ್ಲಿ ಗೈರುಹಾಜರಾದವರಿಗೆ ಸುತ್ತು ಹಾಕಿ, ಆಮೇಲೆ ತಂದುಕೊಟ್ಟಾಗ ಹೊಡೆದುಹಾಕುತ್ತೇನೆ. ದಿನಕ್ಕೆ ಒಂದೇ ಟ್ರೇ ತಿದ್ದುವುದು. ಮೂರು ದಿನಕ್ಕೆ ಮುಗಿಯುತ್ತದೆ.