ಫುಟ್‌ಬಾಲ್ ಕಾರ್ಡು, ಅಡಿಕೆ ಟೆಂಡರು, ನಾನು

ನಮ್ಮದು ಶಿರಸಿ ಹತ್ತಿರ ಎರಡು ಎಕರೆ ತೋಟ. ಅಡಿಕೆ ಬಿಟ್ಟು ನಾನು ಜೀವನದಲ್ಲಿ ಕೊಂಡು ಮಾರಿದ್ದು ಅಂತ ಏನಾದರೂ ಇದ್ದರೆ ಅದು ಫುಟ್‌ಬಾಲ್ ಆಟಗಾರರ ಕಾರ್ಡುಗಳು. ಕೈಯಲ್ಲಿ ಹಿಡಿಯೋಕೆ ಬರುವ ಕಾರ್ಡಲ್ಲ, ಫೋನಿನೊಳಗೆ ಇರುವಂಥದ್ದು.

ಫುಟ್‌ಬಾಲ್ ಹುಚ್ಚು ಹತ್ತಿದ್ದು ಕಾರವಾರದಲ್ಲಿ. ಓದುವಾಗ ಕೋಡಿಬಾಗದಲ್ಲಿ ರೂಮು ಮಾಡಿಕೊಂಡಿದ್ದೆ. ನಮ್ಮ ಊರ ಕಡೆ ಕ್ರಿಕೆಟ್ ಬಿಟ್ಟರೆ ವಾಲಿಬಾಲ್. ಕಾರವಾರದಲ್ಲಿ ಹಾಗಲ್ಲ, ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ, ಆ ಗಾಳಿ ಇಲ್ಲಿಗೂ ಬೀಸುತ್ತದೆ. ಸಂಜೆ ಮಾಲಾದೇವಿ ಮೈದಾನಕ್ಕೆ ಆಡೋಕೆ ಹೋಗುತ್ತಿದ್ದೆವು. ಅಲ್ಲಿನ ಗೆಳೆಯನೊಬ್ಬ 2021ರ ದೀಪಾವಳಿ ಹೊತ್ತಿಗೆ ಫೋನ್ ಮಾಡಿ ಸೋರೇರ್ ಅಂತ ಒಂದು ಆಟ ಇದೆ ನೋಡು ಅಂದ. ಫ್ರಾನ್ಸಿನ ಕಂಪನಿ, 2018ರಲ್ಲಿ ಶುರುವಾಗಿದ್ದು. 2021ರ ಮಾರ್ಚ್‌ನಲ್ಲಿ ಅದರಲ್ಲಿ ರೊನಾಲ್ಡೊನ ಒಂದೇ ಒಂದು ಕಾರ್ಡು ಸುಮಾರು 2.9 ಲಕ್ಷ ಡಾಲರಿಗೆ ಹೋಗಿತ್ತು. ಅದನ್ನು ಕೇಳಿ ನನ್ನ ತಲೆ ತಿರುಗಿತು, ಸುಳ್ಳು ಯಾಕೆ ಹೇಳಲಿ.

ಆಟ ಸರಳ. ಐದು ಕಾರ್ಡಿನ ತಂಡ ಕಟ್ಟಬೇಕು: ಒಬ್ಬ ಗೋಲ್‌ಕೀಪರ್, ಒಬ್ಬ ಡಿಫೆಂಡರ್, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಫಾರ್ವರ್ಡ್, ಐದನೆಯವನು ಗೋಲ್‌ಕೀಪರ್ ಬಿಟ್ಟು ಯಾರಾದರೂ ಸರಿ. ನಿಜವಾದ ಮ್ಯಾಚಿನಲ್ಲಿ ಅವರು ಹೇಗೆ ಆಡಿದರು ಅನ್ನುವುದರ ಮೇಲೆ ಪ್ರತಿಯೊಬ್ಬರಿಗೂ ನೂರರೊಳಗೆ ಅಂಕ. ಶುರುವಿನ 11ರಲ್ಲಿ ಇದ್ದರೆ ಲೆಕ್ಕ 35ರಿಂದ ಶುರುವಾಗುತ್ತದೆ, ಬದಲಿಯಾಗಿ ಇಳಿದರೆ 25. ಗೋಲು ಹೊಡೆದರೆ ಸಾಮಾನ್ಯವಾಗಿ 60ರ ಮೇಲೆ. ಮೈದಾನಕ್ಕೆ ಇಳಿಯಲೇ ಇಲ್ಲ ಅಂದರೆ ಸೊನ್ನೆ. ಈ ಸೊನ್ನೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ವ್ಯಾಪಾರ ಪೂರ್ತಿ ಇದರ ಮೇಲೆಯೇ ನಿಂತಿದೆ.

ಒಬ್ಬನೇ ಆಟಗಾರನಿಗೆ ಒಂದು ಸೀಸನ್ನಿನಲ್ಲಿ ಲಿಮಿಟೆಡ್ ಕಾರ್ಡು 1000, ರೇರ್ 100, ಸೂಪರ್ ರೇರ್ 10, ಯೂನಿಕ್ ಒಂದೇ ಒಂದು. ಒಂದೇ ಮರದ ಅಡಿಕೆಯಲ್ಲಿ ಚಾಲಿ, ಬೆಟ್ಟೆ, ಕೋಕಾ, ಬಿಳೆಗೋಟು ಅಂತ ಬೇರೆ ಮಾಡಿ ಬೇರೆ ಬೇರೆ ದರ ಕಟ್ಟುತ್ತಾರಲ್ಲ, ಹಾಗೆ ಅಂತ ಅಪ್ಪಯ್ಯನಿಗೆ ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಫೋನ್ ನೋಡಿದರು. "ಎಂತದಾ ತಮಾ ಇದು? ಅಡಿಕೆ ಆದ್ರೆ ಮಾರದೇ ಇದ್ರೂ ಮೆತ್ತಿನ ಮೇಲೆ ಇರ್ತು. ಇದು ಎಲ್ಲಿರ್ತು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಲಾಕ್‌ಚೈನ್ ಅಂದೆ. ಅವರು ಎದ್ದು ಕೊಟ್ಟಿಗೆಗೆ ಹೋದರು.

12 ಸಾವಿರ ರೂಪಾಯಿ ಹಾಕಿದೆ. ಆಗ ಈಥರ್ ಅನ್ನುವ ಕ್ರಿಪ್ಟೊ ನಾಣ್ಯ ಕೊಂಡು ಅದರಿಂದ ಕಾರ್ಡು ಕೊಳ್ಳುತ್ತಿದ್ದೆ. ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಟಿವಿಯಲ್ಲಿ ನೋಡಿ ಇಷ್ಟಪಟ್ಟ ಹೆಸರುಗಳನ್ನೇ ಆರಿಸಿದೆ. ಒಬ್ಬ ಸ್ಟ್ರೈಕರ್ ಬಂದ, 34 ವರ್ಷ, ಹೆಸರು ಮಾತ್ರ ದೊಡ್ಡದು. ಮೊಣಕಾಲು ನೋವಂತೆ, ಆರು ವಾರದಲ್ಲಿ ಎರಡು ಸಲ ಬದಲಿಯಾಗಿ ಇಳಿದ, ಉಳಿದದ್ದೆಲ್ಲ ಸೊನ್ನೆ. ಹರಾಜಿನಲ್ಲಿ ಬಿಡ್ ಏರಿಸುವಾಗ ಮೈ ಬಿಸಿಯಾಗುತ್ತದೆ, ಅದು ಬೈತಕೋಲ ಬಂದರಿನ ಮೀನು ಹರಾಜಿನಲ್ಲೂ ಆಗುತ್ತದೆ. ಆದರೆ ಅಲ್ಲಿ ಮೀನನ್ನು ಕಣ್ಣಿಂದ ನೋಡಿರುತ್ತೇವೆ, ಕಿವಿರು ಎತ್ತಿ ನೋಡಿರುತ್ತೇವೆ. ನಾನು ಹೆಸರು ನೋಡಿ ಕೂಗಿದ್ದೆ.

ಬುದ್ಧಿ ಬಂದದ್ದು ಒಂದು ದಿನ ಶಿರಸಿಯ ಸೊಸೈಟಿ ಯಾರ್ಡಿನಲ್ಲಿ. ಅಪ್ಪಯ್ಯನ ಜೊತೆ ಚಾಲಿ ಹಾಕೋಕೆ ಹೋಗಿದ್ದೆ. ವ್ಯಾಪಾರಿಗಳು ಒಂದೊಂದು ರಾಶಿಯ ಮುಂದೆ ಬಗ್ಗಿ, ನಾಲ್ಕು ಅಡಿಕೆ ಎತ್ತಿ, ಒಂದನ್ನು ಕತ್ತರಿಸಿ, ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ, ಅದೇ ಟೆಂಡರು. ನಮ್ಮದಕ್ಕಿಂತ ಚಂದ ಕಾಣುವ ಪಕ್ಕದ ರಾಶಿಗೆ ಕಮ್ಮಿ ದರ ಬಂತು. ಯಾಕೆ ಅಂದರೆ ಆ ದಿನ ಲಾರಿ ತುಂಬಬೇಕಾಗಿದ್ದ ವ್ಯಾಪಾರಿಗೆ ಬೇಕಾಗಿದ್ದದ್ದು ನಮ್ಮ ನಮೂನೆ. ಅಷ್ಟೇ ಕಾರಣ. ಅಡಿಕೆ ಎಷ್ಟು ಒಳ್ಳೆಯದು ಅನ್ನುವುದು ಅರ್ಧ ಮಾತು, ಇವತ್ತು ಯಾರಿಗೆ ಅದರ ಗರಜು ಇದೆ ಅನ್ನುವುದು ಇನ್ನರ್ಧ. ಬಸ್ಸಿನಲ್ಲಿ ಕೂತು ನನ್ನ ಕಾರ್ಡುಗಳನ್ನು ಆ ಕಣ್ಣಿನಿಂದ ನೋಡಿದೆ. ಒಂದಕ್ಕೂ ಯಾರ ಗರಜೂ ಇರಲಿಲ್ಲ.

ಆಮೇಲೆ ನಾನು ಹಿಡಿದದ್ದು ಎರಡನೇ ಗೋಲ್‌ಕೀಪರ್‌ಗಳನ್ನು. ಇದು ನನ್ನ ಮುಖ್ಯ ಕಸುಬಾಯಿತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಂಡ ಕಟ್ಟೋಕೆ ಗೋಲ್‌ಕೀಪರ್ ಬೇಕೇ ಬೇಕು, ಆದರೆ ಒಂದು ಕ್ಲಬ್ಬಿನಲ್ಲಿ ಆಡುವವನು ಒಬ್ಬನೇ. ಬೆಂಚಿನಲ್ಲಿ ಕೂತವನ ಕಾರ್ಡಿಗೆ ಬೆಲೆ ಇಲ್ಲ, ನೀರಿನ ರೇಟಿಗೆ ಸಿಗುತ್ತದೆ. ಮೊದಲನೆಯವನಿಗೆ ಗಾಯ ಆದರೆ, ರೆಡ್ ಕಾರ್ಡ್ ಸಿಕ್ಕಿದರೆ, ಜನವರಿಯಲ್ಲಿ ಅವನನ್ನು ಬೇರೆ ಕ್ಲಬ್ಬು ಕೊಂಡರೆ, ಇವನ ಬೆಲೆ ಎರಡೇ ದಿನದಲ್ಲಿ ನಾಲ್ಕು ಪಟ್ಟು. ಹಾಗಾಗಿ ನಾನು ನೋಡುತ್ತಿದ್ದದ್ದು ಮೊದಲನೇ ಕೀಪರ್‌ನ ವಯಸ್ಸು, ಅವನ ಒಪ್ಪಂದ ಯಾವಾಗ ಮುಗಿಯುತ್ತದೆ, ಹಳೇ ಗಾಯ ಏನಾದರೂ ಇದೆಯಾ. ಆ ಊರಿನ ಪತ್ರಿಕೆಗಳನ್ನು ಫೋನಿನಲ್ಲೇ ಅನುವಾದ ಮಾಡಿಕೊಂಡು ಓದುತ್ತಿದ್ದೆ. ಬೆಲ್ಜಿಯಂನ ಒಬ್ಬ ಕೀಪರ್‌ಗೆ ಬೆರಳು ಮುರಿಯಿತು ಅನ್ನುವ ಸುದ್ದಿ ನನಗೆ ತಿಳಿದದ್ದು ಅಡಿಕೆ ಸುಲಿಯುತ್ತಾ ಕೂತಿದ್ದಾಗ. ಅವನ ಬದಲಿಯ ಮೂರು ಕಾರ್ಡು ನನ್ನ ಹತ್ತಿರ ಮೊದಲೇ ಇದ್ದವು.

ಕೊಳ್ಳುವುದಕ್ಕಿಂತ ಮಾರುವುದು ಕಷ್ಟ. ವಾರಕ್ಕೆ ಎರಡು ಸುತ್ತು ಇರುತ್ತಿತ್ತು, ವಾರದ ನಡುವೆ ಒಂದು, ವಾರದ ಕೊನೆಗೆ ಒಂದು. ಶುಕ್ರವಾರ ತಂಡ ಹಾಕುವ ಗಡುವು ಹತ್ತಿರ ಬಂದ ಹಾಗೆ ಜನರಿಗೆ ಗಾಬರಿ ಶುರುವಾಗುತ್ತದೆ, ಕೀಪರ್ ಇಲ್ಲ ಅಂತ. ಗುರುವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಮಾರಬೇಕು. ಸುತ್ತು ಮುಗಿದ ಸೋಮವಾರ ಮಾರಿದರೆ ಅದೇ ಕಾರ್ಡಿಗೆ ಕಮ್ಮಿ ಬರುತ್ತದೆ. ಅವನು ಚೆನ್ನಾಗಿ ಆಡಿದ, ಇನ್ನೂ ಏರುತ್ತದೆ ಅಂತ ಕೂತರೆ ಮೊದಲನೆಯವನು ಗುಣವಾಗಿ ವಾಪಸ್ ಬರುತ್ತಾನೆ. ಎರಡು ಸಲ ಹಾಗೆ ಕೂತು ಕೈ ಸುಟ್ಟುಕೊಂಡಿದ್ದೇನೆ.

ಇನ್ನೊಂದು, ಜೂನ್ ಜುಲೈನಲ್ಲಿ ಯುರೋಪಿನ ದೊಡ್ಡ ಲೀಗುಗಳಿಗೆ ರಜೆ. ಆಗ ಜಪಾನ್, ಕೊರಿಯಾ, ಅಮೆರಿಕದ ಆಟಗಾರರಿಗೆ ಬೇಡಿಕೆ ಇರುತ್ತಿತ್ತು. ಅವರನ್ನು ಫೆಬ್ರವರಿ ಮಾರ್ಚ್‌ನಲ್ಲಿ ತೆಗೆದಿಟ್ಟುಕೊಳ್ಳಬೇಕಿತ್ತು. ಜಪಾನಿನ ಮ್ಯಾಚು ನಮಗೆ ಬೆಳಗಿನ ಹತ್ತೂವರೆಗೋ ಮಧ್ಯಾಹ್ನ ಮೂರೂವರೆಗೋ, ಅಮೆರಿಕದ್ದು ಬೆಳಗಿನ ಐದಕ್ಕೆ, ಹಾಲು ಕರೆಯುವ ಹೊತ್ತಿಗೆ. ಯುರೋಪಿನ ಚಾಂಪಿಯನ್ಸ್ ಲೀಗಿನ ಹಾಗೆ ರಾತ್ರಿ ಒಂದೂವರೆಗೆ ಎದ್ದು ಕೂರಬೇಕಾಗಿಲ್ಲ. ನನಗೆ ಜಪಾನ್ ಲೀಗೇ ಹೆಚ್ಚು ಹಿಡಿಸಿತು, ಲಾಭಕ್ಕೂ ನಿದ್ದೆಗೂ.

ಆದರೆ ಜೂನ್ ಜುಲೈ ಅಂದರೆ ನಮ್ಮಲ್ಲಿ ಏನು ಅಂತ ಗೊತ್ತಲ್ವಾ. 2022ರ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರೂ ಸತ್ತಿತ್ತು. ನನ್ನ ಒಳ್ಳೆಯ ಐದು ಕಾರ್ಡು ಆ ವಾರ ತಂಡಕ್ಕೇ ಸೇರಲಿಲ್ಲ. ಗಡುವು ದಾಟುವ ಮೊದಲು ಸಿಗ್ನಲ್ ಸಿಗಲಿ ಅಂತ ಬೈಕ್ ತೆಗೆದುಕೊಂಡು ಗುಡ್ಡ ಹತ್ತಿದೆ, ಕೊಡೆ ಹಾರಿಹೋಯಿತು. ಐವರಲ್ಲಿ ಮೂವರು ಆ ವಾರ ಗೋಲು ಹೊಡೆದಿದ್ದರು. ಈ ಹೊಟ್ಟೆ ಉರಿ ಇವತ್ತಿಗೂ ಆರಿಲ್ಲ.

ಅದಲುಬದಲು ಬಗ್ಗೆ ಒಂದು ಮಾತು. ಕಾರ್ಡಿಗೆ ಕಾರ್ಡು ಕೊಟ್ಟು ಸ್ವಲ್ಪ ಈಥರ್ ಮೇಲೆ ಹಾಕುತ್ತೇನೆ ಅಂತ ಬರುವವರು ಜಾಸ್ತಿ. ಯಾವಾಗಲೂ ಒಂದು ಕೇಳಿಕೊಳ್ಳುತ್ತಿದ್ದೆ: ಇವನು ಇದನ್ನು ಇವತ್ತೇ ಯಾಕೆ ಕೊಡುತ್ತಿದ್ದಾನೆ? ಒಬ್ಬ ನನಗೆ ಒಳ್ಳೇ ಮಿಡ್‌ಫೀಲ್ಡರ್‌ನನ್ನು ಸಸ್ತಾಕ್ಕೆ ಕೊಟ್ಟ. ಮಾರನೇ ದಿನ ಗೊತ್ತಾಯಿತು, ಆ ಆಟಗಾರ ಈ ಆಟದ ಪಟ್ಟಿಯಲ್ಲೇ ಇಲ್ಲದ ಒಂದು ಲೀಗಿಗೆ ಹೋಗುತ್ತಿದ್ದಾನೆ. ಕಾರ್ಡು ಇದೆ, ಅಂಕ ಬರುವುದಿಲ್ಲ. ಚಾಲಿ ಮೂಟೆಯ ಅಡಿಯಲ್ಲಿ ಗೋಟು, ಅಂದರೆ ಕಳಪೆ ಅಡಿಕೆ, ತುಂಬಿ ಕೊಟ್ಟ ಹಾಗೆ.

ಲೆಕ್ಕಕ್ಕೆ ಬರೋಣ. ಕಾರ್ಡು ವ್ಯಾಪಾರದಲ್ಲಿ ನಾನು ಗೆದ್ದೆ, ಕೈಯಲ್ಲಿದ್ದ ಈಥರ್ ಎರಡೂವರೆ ಪಟ್ಟಾಗಿತ್ತು. ಆದರೆ 2021ರ ನವೆಂಬರಿನಲ್ಲಿ 4,800 ಡಾಲರ್ ಆಸುಪಾಸಿನಲ್ಲಿದ್ದ ಈಥರ್ 2022ರ ಜೂನ್‌ನಲ್ಲಿ ಸಾವಿರದ ಹತ್ತಿರ ಬಂದು ಕೂತಿತ್ತು. ರೂಪಾಯಿಯಲ್ಲಿ ನೋಡಿದರೆ ಹಾಕಿದ ದುಡ್ಡೇ ಪೂರ್ತಿ ಉಳಿದಿರಲಿಲ್ಲ. ಗೆದ್ದದ್ದನ್ನು ಆಗಾಗ ರೂಪಾಯಿ ಮಾಡಿಕೊಳ್ಳಬೇಕಿತ್ತು, ಮಾಡಲಿಲ್ಲ. ಅಷ್ಟರಲ್ಲಿ ತೆರಿಗೆಯೂ ಬಂತು: 2022ರ ಏಪ್ರಿಲ್‌ನಿಂದ ಇಂಥ ಲಾಭಕ್ಕೆ ಶೇ. 30, ಜುಲೈನಿಂದ ವಹಿವಾಟಿಗೆ ಶೇ. 1 ಟಿಡಿಎಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬರುವುದಿಲ್ಲ. ನಮ್ಮ ಆಡಿಟರು ನನ್ನ ಅದಲುಬದಲಿನ ಪಟ್ಟಿ ನೋಡಿ, ಇದೆಲ್ಲ ಒಂದೊಂದೂ ಮಾರಾಟವೇ ಅಂದರು. ಪಟ್ಟಿ ನಾಲ್ಕು ಪುಟ ಇತ್ತು. ಆವತ್ತಿನಿಂದ ಪ್ರತಿ ವ್ಯವಹಾರದ ದಿನದ ರೂಪಾಯಿ ದರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಕೆ ಶುರು ಮಾಡಿದೆ, ನೀವೂ ಮೊದಲ ದಿನದಿಂದಲೇ ಬರೆದಿಡಿ.

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಮೇಲೆ ಕೇಂದ್ರದ ಕಾನೂನು ಬಂದ ಮೇಲೆ ನಾನು ಹೊಸದಾಗಿ ಒಂದು ಪೈಸೆಯನ್ನೂ ಹಾಕಿಲ್ಲ. ಸುಮ್ನೆ ತಲೆನೋವು ಯಾಕೆ. ಹೆಚ್ಚಿನ ಕಾರ್ಡುಗಳನ್ನು ಅದಕ್ಕೂ ಮೊದಲೇ ಮಾರಿಯಾಗಿತ್ತು. ಆ 34 ವರ್ಷದ ಸ್ಟ್ರೈಕರ್ ಮಾತ್ರ ಇದ್ದಾನೆ. ಆಟದಿಂದ ನಿವೃತ್ತನಾಗಿ ಬಹಳ ದಿನ ಆಯಿತು, ಯಾರೂ ಕೇಳುವುದಿಲ್ಲ. ಟೆಂಡರ್ ದಿನ ಚೀಟಿ ಹಿಡಿದು ಮನೆಗೆ ಬಂದ ಅಪ್ಪಯ್ಯ ಚಾಲಿ ದರ ಹೇಳಿ, ಚಾ ಕುಡಿಯುತ್ತಾ, "ನಿನ್ನ ಗೋಟಿಗೆ ಇವತ್ತು ಎಷ್ಟಾ?" ಅಂತ ಕೇಳುತ್ತಾರೆ.