ಕ್ಯಾಂಡಿ ಕೆರೆಗೆ ಬೆಳಗಿನ ಒಂದು ಪ್ರದಕ್ಷಿಣೆ

ಕ್ಯಾಂಡಿಗೆ ಹೋದವರು ಹೋಟೆಲಿನಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಕೆರೆ ನೋಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟೊತ್ತಿಗೆ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಐದಕ್ಕೆ ಮೊದಲೇ ಏಳಿ. ಶ್ರೀಲಂಕಾದ ಗಡಿಯಾರವೂ ನಮ್ಮದೂ ಒಂದೇ, ನಿದ್ದೆಯ ಲೆಕ್ಕ ತಪ್ಪುವುದಿಲ್ಲ.

ಹಿಂದಿನ ರಾತ್ರಿಯೇ ಬಿಳಿ ಬಟ್ಟೆ ತೆಗೆದಿಡಿ. ಭುಜ, ಮೊಣಕಾಲು ಮುಚ್ಚಿರಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ. ಮೊದಲು ದಳದಾ ಮಾಳಿಗಾವ, ಬುದ್ಧನ ದಂತವಿರುವ ಗುಡಿ. ಐದೂವರೆಗೆ ಬೆಳಗಿನ ಪೂಜೆ ಶುರು. ಹೊರಗೆ ತಾವರೆ, ನೈದಿಲೆ ಮಾರುತ್ತಾರೆ. ಕೊಂಡುಕೊಳ್ಳಿ, ಆದರೆ ಮೂಸಬೇಡಿ. ನಮ್ಮಲ್ಲಿರುವಂತೆ ಅಲ್ಲೂ ಮೂಸಿದ ಹೂ ಪೂಜೆಗೆ ಸಲ್ಲದು. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ.

ಒಳಗೆ ಹೋದವರೆಲ್ಲ ಮೇಲಿನ ಮಹಡಿಯ ಸಾಲಿಗೆ ಓಡುತ್ತಾರೆ. ನೀವು ಸ್ವಲ್ಪ ಹೊತ್ತು ಕೆಳಗೆ, ವಾದ್ಯದವರ ಎದುರಿಗೇ ನಿಲ್ಲಿ. ಬಿಳಿ ಪಂಚೆ, ಕೆಂಪು ನಡುಕಟ್ಟು, ಬರಿ ಮೈ. ದವುಲ್ ಎಂಬ ಡೋಲಿನ ಪೆಟ್ಟು ಕಲ್ಲುನೆಲ ಹಾಯ್ದು ಅಂಗಾಲಿಗೆ ತಟ್ಟುತ್ತದೆ. ಹೊರಣೆವ ಎಂಬ ಓಲಗದಂಥ ವಾದ್ಯ ಊದತೊಡಗಿದಾಗ ಅಮ್ಮ ನನ್ನ ಕೈ ಹಿಡಿದು, "ನಮ್ಮೂರ ಮೌರಿಯೇ ಕಣೇ ಇದು" ಅಂದರು. ಮೇಲೆ ಬಾಗಿಲು ತೆರೆದಾಗ ಕಾಣುವುದು ಚಿನ್ನದ ಕರಂಡಕ ಮಾತ್ರ, ದಂತವಲ್ಲ. ನನಗೆ ಅಷ್ಟೇ ಸಾಕಾಯಿತು.

ಹೊರಬಂದ ಮೇಲೆ ಕೆರೆಯನ್ನು ಬಲಕ್ಕಿಟ್ಟುಕೊಂಡು ನಡೆಯಿರಿ. ಸುತ್ತು ಮೂರು ಕಿಲೋಮೀಟರಿಗೆ ಚೂರು ಮೇಲೆ. ಅಮ್ಮನಿಗೆ ಎಪ್ಪತ್ತೊಂದು, ಅವರ ನಡಿಗೆಗೆ ಒಂದೂಕಾಲು ಗಂಟೆ ಬೇಕಾಯಿತು. ಗದ್ದೆಯಿದ್ದ ಜಾಗದಲ್ಲಿ 1807ರಲ್ಲಿ ಈ ಕೆರೆ ಕಟ್ಟಿಸಿದವನು ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕಿ ನಮ್ಮ ಪಕ್ಕದ ವೆಲ್ಲೂರಿಗೆ ಬಂದವನು ಊರಿಗೆ ಮರಳಲಿಲ್ಲ. ದಡದ ಬಿಳಿ ಗೋಡೆಯನ್ನು ಕೈಯಿಂದ ಸವರಿ ನೋಡಿ: ಮೋಡದಂತೆ ಅಲೆಯಲೆ, ನಡುನಡುವೆ ಹಣತೆಯಿಡುವ ತ್ರಿಕೋನ ಗೂಡುಗಳು.

ದಕ್ಷಿಣದ ದಡದಲ್ಲಿ ಆತುರ ಬೇಡ. ದೊಡ್ಡ ಮರಗಳ ನೆರಳು, ಎದುರು ದಡದಲ್ಲಿ ಗುಡಿ, ನೀರಿನಲ್ಲಿ ಅದರ ಬಿಂಬ. ಅಲ್ಲಿ ತಲೆಯಷ್ಟೇ ಮೇಲೆತ್ತಿಕೊಂಡು ಒಂದು ಉಡ ಈಜಿ ಬಂತು. ಅದು ಕಲ್ಲು ಹತ್ತುವವರೆಗೂ ಅಮ್ಮ ಕದಲಲಿಲ್ಲ.

ತಿಂಡಿಗೆ ಪೇಟೆಯೊಳಗಿನ ಸಣ್ಣ ಹೋಟೆಲಿಗೆ ಹೋಗಿ 'ಇಂದಿಯಾಪ್ಪ' ಕೇಳಿ. ನಮ್ಮ ಒತ್ತುಶಾವಿಗೆಯೇ, ಜೊತೆಗೆ ತೆಂಗಿನಕಾಯಿಯ ಕೆಂಪು ಸಂಬೋಲ. ಸಸ್ಯಾಹಾರಿಗಳು ಮೊದಲೇ ವಿಚಾರಿಸಿ, ಸಂಬೋಲಕ್ಕೆ ಒಣಮೀನಿನ ಪುಡಿ ಹಾಕುವುದುಂಟು.