ಬೆಳಕು ಹೆಚ್ಚಿಸುವ ಮೊದಲು ಬಿಸಿಯ ಲೆಕ್ಕ

"ಎಷ್ಟು ದೂರ ಹೊಡೆಯುತ್ತೆ ಅಣ್ಣ?" ಟಾರ್ಚು ಮಾಡಿಸಿಕೊಳ್ಳಲು ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ರಾತ್ರಿ ಕರೆಂಟು ಬಂತೆಂದು ಮೋಟರ್ ಹಾಕಲು ಹೊರಟವನಿಗೆ, ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದ್ದರೆ ನೂರು ಮಾರು ದೂರದಲ್ಲೇ ಗೊತ್ತಾಗಬೇಕು. ನಾನು ತಿರುಗಿ ಕೇಳುವುದು ಮಾತ್ರ ಬೇರೆ: "ಚಾರ್ಜಿಗೆ ಎಲ್ಲಿ ಹಾಕ್ತೀರಿ? ಯಾವ ಚಾರ್ಜರ್‌ನಲ್ಲಿ?" ಬೇಟೆಗೆ ಬೇಕು ಅಂದವರಿಗೆ ಮಾಡಿಕೊಡುವುದೇ ಇಲ್ಲ, ಆ ಮಾತು ಅಲ್ಲಿಗೆ ಮುಗಿಯಿತು.

ಸಾಮಾನ್ಯ ಟಾರ್ಚಿಗೆ ಎಕ್ಸ್‌ಎಚ್‌ಪಿ70 ಜಾತಿಯ ದೊಡ್ಡ ಎಲ್ಇಡಿ ಕೂರಿಸಿ 25 ವ್ಯಾಟ್ ಎಳೆಸುವುದು ದೊಡ್ಡ ವಿದ್ಯೆಯೇನಲ್ಲ. ಕಷ್ಟ ಇರುವುದು ಒಳಗಿನ ಸೆಲ್‌ನಲ್ಲಿ. 18650 ಅನ್ನುವ ದುಂಡು ಲಿಥಿಯಂ ಸೆಲ್ ಒಂದೇ ಒಂದು ಇದ್ದರೆ ಅದರ ವೋಲ್ಟೇಜು 3.6ರ ಆಸುಪಾಸು, ಎಲ್ಇಡಿಗೆ ಕರೆಂಟು ಅಳೆದು ಕೊಡುವ ಡ್ರೈವರ್‌ನ ನಷ್ಟವೂ ಸೇರಿ ಸುಮಾರು 8 ಆಂಪ್ ಅದೊಂದರಿಂದಲೇ ಬರಬೇಕು. ಸ್ವಲ್ಪ ಹಳತಾದ ಸೆಲ್‌ನ ಒಳರೋಧ (ಕರೆಂಟಿಗೆ ಸೆಲ್ ತಾನೇ ಒಡ್ಡುವ ತಡೆ) 50 ಮಿಲಿಓಮ್ ಅಂತ ಹಿಡಿಯಿರಿ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ 3.2 ವ್ಯಾಟ್. ಅಷ್ಟೂ ಸೆಲ್‌ನ ಹೊಟ್ಟೆಯೊಳಗೇ ಬಿಸಿಯಾಗುತ್ತದೆ. 45 ಗ್ರಾಂ ತೂಕದ ಸೆಲ್‌ಗೆ ಆ ಬಿಸಿ ಹೊರಹೋಗಲು ದಾರಿ ಇಲ್ಲದಿದ್ದರೆ ನಿಮಿಷಕ್ಕೆ ಹತ್ತಿರ ಹತ್ತಿರ ನಾಲ್ಕು ಡಿಗ್ರಿ ಏರುತ್ತದೆ. ಸಾಲದ್ದಕ್ಕೆ ಎಲ್ಇಡಿಯ ಬಿಸಿಯೂ ಅದೇ ಕೊಳವೆಯಲ್ಲಿ ಇಳಿದು ಬರುತ್ತದೆ.

ಅದೇ ಕೆಲಸಕ್ಕೆ ನಾಲ್ಕು ಸೆಲ್‌ಗಳನ್ನು ಪ್ಯಾರಲಲ್ (ಅಕ್ಕಪಕ್ಕ, ಪ್ಲಸ್ಸಿಗೆ ಪ್ಲಸ್) ಹಾಕಿದರೆ ಒಂದೊಂದರ ಪಾಲಿಗೆ 2 ಆಂಪ್ ಬರುತ್ತದೆ, ಒಂದೊಂದರಲ್ಲಿ 0.2 ವ್ಯಾಟ್ ಬಿಸಿ. ನಾಲ್ಕೂ ಸೇರಿದರೂ ಒಂದು ವ್ಯಾಟ್ ಆಗುವುದಿಲ್ಲ. ಪ್ಯಾಕಿಗೆ ಫ್ಯಾನ್ ಇಡುವುದು, ತೂತು ಕೊರೆಯುವುದು, ಹಿಂಡಾಲಿಯಂ ಪಟ್ಟಿ ಸುತ್ತುವುದು ಇವೆಲ್ಲ ಆಮೇಲಿನ ಮಾತು. ಬಿಸಿ ಹುಟ್ಟದ ಹಾಗೆ ಮಾಡುವುದು ಹುಟ್ಟಿದ ಬಿಸಿಯನ್ನು ಓಡಿಸುವುದಕ್ಕಿಂತ ಅಗ್ಗ.

ಈ ಲೆಕ್ಕ ಹಿಡಿದೇ ನಾನು ಸೆಲ್‌ಗಳನ್ನು ಟಾರ್ಚಿನಿಂದ ಹೊರಗೆ ತಂದೆ. ಈಗ ಪ್ಯಾಕು ಸೊಂಟದ ಚೀಲದಲ್ಲಿ, ಅಲ್ಲಿಂದ ಸಿಲಿಕೋನ್ ವೈರಿನಲ್ಲಿ ಟಾರ್ಚಿನ ತಲೆಗೆ. ಸೆಲ್ ಕೂಡ ಬದಲಾಯಿಸಿದೆ. ಸೋಲಾರ್ ದೀಪಗಳಲ್ಲಿ ಬರುವ 32650 ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಒಂದಕ್ಕೆ 3.2 ವೋಲ್ಟ್, 6 ಆಂಪ್‌ಅವರ್. ನಾಲ್ಕನ್ನು ಸೀರೀಸ್ (ಒಂದರ ಹಿಂದೆ ಒಂದು) ಹಾಕಿದರೆ 12.8 ವೋಲ್ಟ್; 25 ವ್ಯಾಟಿಗೆ ಎರಡು ಆಂಪ್ ಚಿಲ್ಲರೆ ಎಳೆದರೆ ಸಾಕು, ಸೆಲ್ ಕೈಗೆ ಬಿಸಿ ಅಂತ ತಿಳಿಯುವುದೂ ಇಲ್ಲ. 25 ವ್ಯಾಟಿನ ಲೆಕ್ಕ ಹಿಡಿದರೂ ಚಾರ್ಜ್ ಎರಡು ಗಂಟೆಯ ಮೇಲೆ ಬರುತ್ತದೆ. ತೂಕ ಅರ್ಧ ಕಿಲೋ ದಾಟುತ್ತದೆ ನಿಜ, ಆದರೆ ಹಿಂದೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಎರಡು ಕಿಲೋ ಮೇಲಿತ್ತು. ಈ ಜಾತಿಯ ಸೆಲ್ ಉರಿ ಹತ್ತಿಕೊಳ್ಳುವ ಸ್ವಭಾವವೂ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ಪ್ಲಸ್ ವೈರಿಗೆ, ಸೆಲ್‌ನ ಪಕ್ಕದಲ್ಲೇ, ಬೈಕಿನಲ್ಲಿ ಬರುವಂಥ 5 ಆಂಪಿನ ಫ್ಯೂಸ್ ಹಾಕುತ್ತೇನೆ.

18650ರಲ್ಲೇ ಮಾಡಿಕೊಡಿ ಅನ್ನುವವರು 9900 ಎಂಎಎಚ್ ಅಂತ ಬರೆದ ಸೆಲ್ ಹಿಡಿದು ಬರುತ್ತಾರೆ. ಆ ಅಳತೆಯ ಒಳ್ಳೆಯ ಸೆಲ್‌ನಲ್ಲೇ ಹಿಡಿಯುವುದು 3500ರ ಹತ್ತಿರ. ಮೇಲೆ ಬರೆದದ್ದನ್ನು ಬಿಟ್ಟು ತಕ್ಕಡಿಗೆ ಹಾಕಿ ನೋಡಿ: 45 ಗ್ರಾಂಗಿಂತ ಬಹಳ ಹಗುರ ಇದ್ದರೆ ಒಳಗೆ ಸರಕೇ ಇಲ್ಲ.

ಇನ್ನು ತಲೆಯ ಭಾಗ. ಎಲ್ಇಡಿಗೆ ಕೊಟ್ಟ 25 ವ್ಯಾಟಿನಲ್ಲಿ ಸುಮಾರು ಮೂರನೇ ಎರಡು ಪಾಲು ಬಿಸಿಯೇ, ಅಂದರೆ ಹದಿನಾರು ಹದಿನೇಳು ವ್ಯಾಟ್. ಕೈಯಲ್ಲಿ ಹಿಡಿಯುವ ಟಾರ್ಚಿನ ಲೋಹದ ಮೈ ಸುಮಾರು 200 ಚದರ ಸೆಂಟಿಮೀಟರ್. ಗಾಳಿ ಆಡದ ಜಾಗದಲ್ಲಿ ಅಷ್ಟು ಮೈಯಿಂದ ಆರು ಏಳು ವ್ಯಾಟ್ ಹೊರಹೋಗುವಷ್ಟರಲ್ಲೇ ಅದು ಹೊರಗಿನ ಹವೆಗಿಂತ 30 ಡಿಗ್ರಿ ಮೇಲಿರುತ್ತದೆ. ಹಾಗಾಗಿ ಪೂರ್ತಿ ಬೆಳಕು ಸದಾ ಉರಿಯುವುದು ಸುಳ್ಳು, ಯಾರು ಮಾಡಿಕೊಟ್ಟರೂ ಸುಳ್ಳು. ನಾನು ಎಲ್ಇಡಿಯ ತಾಮ್ರದ ಪ್ಲೇಟಿಗೆ 10 ಕಿಲೋಓಮ್‌ನ ಥರ್ಮಿಸ್ಟರ್ (ಬಿಸಿ ಏರಿದಂತೆ ರೋಧ ಇಳಿಯುವ ಬಿಡಿಭಾಗ) ಅಂಟಿಸಿ, 60 ಡಿಗ್ರಿ ಮುಟ್ಟಿದೊಡನೆ ಡ್ರೈವರ್ 10 ವ್ಯಾಟಿಗೆ ಇಳಿಯುವ ಹಾಗೆ ಮಾಡಿದ್ದೇನೆ. ಸಾಮಾನ್ಯವಾಗಿ ಸಿಗುವ 3950 ಬೀಟಾದ (ಬಿಸಿಗೆ ರೋಧ ಎಷ್ಟು ಬದಲಾಗುತ್ತೆ ಅನ್ನುವ ಅಂಕಿ) ಥರ್ಮಿಸ್ಟರ್ ಆದರೆ 60 ಡಿಗ್ರಿಯಲ್ಲಿ 2.5 ಕಿಲೋಓಮ್ ತೋರಿಸುತ್ತದೆ. ಆ ಬೆಲೆಗೆ ಸೆಟ್ ಮಾಡಿದರಾಯಿತು. ಬೆಳಕು ಎಷ್ಟು ಇಳಿಯಿತೋ ಕಣ್ಣಿಗೆ ಅಷ್ಟು ಇಳಿದಂತೆ ಕಾಣುವುದಿಲ್ಲ. ಮೈಯನ್ನು ಉಜ್ಜಿ ಪಳಪಳ ಮಾಡಿಸಿಕೊಂಡು ಬರುವವರಿದ್ದಾರೆ. ಹೊಳೆಯುವ ಅಲ್ಯೂಮಿನಿಯಂ ಬಿಸಿಯನ್ನು ಸರಿಯಾಗಿ ಸೂಸುವುದಿಲ್ಲ, ಕರಿ ಲೇಪವೇ ವಾಸಿ.

ಪ್ಯಾಕು ಹಾಳಾಗುವುದು ಹೆಚ್ಚಾಗಿ ಉರಿಸುವಾಗಲ್ಲ, ಚಾರ್ಜಿಗೆ ಹಾಕಿದಾಗ. ಲಿಥಿಯಂ ಸೆಲ್ 60 ಡಿಗ್ರಿಯವರೆಗೆ ಕರೆಂಟು ಕೊಡುತ್ತದೆ, ಆದರೆ ತುಂಬಿಸಿಕೊಳ್ಳಲು 45ರ ಕೆಳಗಿರಬೇಕು. ತೋಟ ಸುತ್ತಿ ಬಂದವರು ಟಾರ್ಚು ಬಿಸಿ ಇರುವಾಗಲೇ ಸಿಕ್ಕಿಸಿ ಮಲಗುತ್ತಾರೆ. ಅದನ್ನು ಹೇಳಿ ತಡೆಯಲು ಆಗದು, ವೈರಿಂಗಿನಲ್ಲೇ ತಡೆಯಬೇಕು. ಚಾರ್ಜಿಂಗ್ ಜಾಕಿನಿಂದ, ಸೆಲ್ ಮಿತಿ ಮೀರಿದರೆ ಕರೆಂಟು ಕಡಿಯುವ ಕಾವಲು ಬೋರ್ಡು ಬಿಎಂಎಸ್‌ಗೆ ಹೋಗುವ ವೈರಿನಲ್ಲಿ ಕೆಎಸ್‌ಡಿ 9700 ಅನ್ನುವ ಸಣ್ಣ ಥರ್ಮಲ್ ಸ್ವಿಚ್ ಹಾಕುತ್ತೇನೆ, 45 ಡಿಗ್ರಿಯದು, ನಾರ್ಮಲಿ ಕ್ಲೋಸ್ಡ್, ಅಂದರೆ ತಣ್ಣಗಿರುವಾಗ ಕೂಡಿಕೊಂಡಿದ್ದು ಬಿಸಿಯಾದರೆ ಬಿಟ್ಟುಕೊಳ್ಳುವಂಥದ್ದು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. ಅದನ್ನು ಎರಡು ಸೆಲ್‌ಗಳ ನಡುವಿನ ಸಂದಿಯಲ್ಲಿ ಒತ್ತಿ ಕೂರಿಸಿ ಬಿಸಿಗೆ ಕರಗದ ಕ್ಯಾಪ್ಟಾನ್ ಟೇಪು ಸುತ್ತಿದರೆ, ಪ್ಯಾಕು ತಣ್ಣಗಾಗುವವರೆಗೆ ಚಾರ್ಜ್ ಹತ್ತುವುದೇ ಇಲ್ಲ. ತೂಕಡಿಸುತ್ತಿರುವವನ ಬುದ್ಧಿ ನೆಚ್ಚಬೇಕಿಲ್ಲ. ಒಳಗೆ ದಪ್ಪ ಫೋಮ್ ತುರುಕುವುದನ್ನೂ ಬಿಟ್ಟೆ. ಅಲ್ಲಾಡದಿರಲು ಎರಡು ಕಡೆ ಪಟ್ಟಿ ಸಾಕು, ಸುತ್ತ ಹೊದಿಸಿದರೆ ಬಿಸಿ ಒಳಗೇ ಉಳಿಯುತ್ತದೆ.

ಚಾರ್ಜರ್ 14.6 ವೋಲ್ಟ್, 2 ಆಂಪಿನದು, ಲಿಥಿಯಂ ಫಾಸ್ಫೇಟ್‌ಗೆಂದೇ ಇರುವುದು. ಮೂರು ಗಂಟೆಯ ಮೇಲೆ ಹಿಡಿಯುತ್ತದೆ. 5 ಆಂಪಿನದು ಕೊಡಿ, ಬೇಗ ಆಗಲಿ ಅಂದವರಿಗೆ ಇಲ್ಲ ಅಂತಲೇ ಹೇಳುತ್ತೇನೆ. ಬಿಎಂಎಸ್ ಇದೆಯಲ್ಲ, ಯಾವ ಅಡಾಪ್ಟರ್ ಆದರೇನು ಅನ್ನುವ ವಾದ ಇನ್ನೂ ಕೆಟ್ಟದ್ದು. ಬಿಎಂಎಸ್ ಕೊನೆಯ ತಡೆ, ದಿನಾ ಅದರ ಮೇಲೆ ಭಾರ ಹಾಕಿದರೆ ಅದರ ಮಾಸ್ಫೆಟ್ (ಕರೆಂಟು ಕಡಿಯುವ ಸ್ವಿಚ್) ಒಂದು ದಿನ ಶಾರ್ಟ್ ಆಗಿ, ಕಡಿಯಲಾರದೆ ಕೂಡಿಕೊಂಡೇ ಉಳಿಯುತ್ತದೆ. ಮನೆಯಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಚಾರ್ಜರ್, ವೈಫೈ ಅಡಾಪ್ಟರ್, ಕ್ಯಾಮೆರಾ ಅಡಾಪ್ಟರ್ ಎಲ್ಲದಕ್ಕೂ ಒಂದೇ ಗುಂಡು ಪಿನ್. ಮೂರು 18650 ಸೆಲ್‌ನ 12.6 ವೋಲ್ಟಿನ ಪ್ಯಾಕಿಗೆ ಲೆಡ್ ಆಸಿಡ್‌ನ 14.4 ವೋಲ್ಟ್ ಸಿಕ್ಕರೆ ಸೆಲ್ ಒಂದಕ್ಕೆ 4.8 ವೋಲ್ಟ್, 4.2 ದಾಟಬಾರದ ಸೆಲ್ ಅದು. ಹಾಗಾಗಿ ನನ್ನ ಪ್ಯಾಕಿಗೆಲ್ಲ ಎಕ್ಸ್‌ಟಿ60 ಕನೆಕ್ಟರ್. ಮನೆಯ ಬೇರೆ ಯಾವ ಪಿನ್ನೂ ಅದಕ್ಕೆ ಕೂರುವುದಿಲ್ಲ.

ಬ್ಯಾಲೆನ್ಸ್, ಅಂದರೆ ಎಲ್ಲ ಸೆಲ್‌ಗಳ ಚಾರ್ಜನ್ನು ಸಮ ಮಾಡುವುದರ ಬಗ್ಗೆ ಒಂದು ಮಾತು. ಬಿಎಂಎಸ್ ಬ್ಯಾಲೆನ್ಸ್ ಮಾಡುವುದು 50 ಮಿಲಿಆಂಪ್ ಆಸುಪಾಸಿನಲ್ಲಿ. ಒಂದು ಸೆಲ್ 300 ಎಂಎಎಚ್ ಹಿಂದಿದ್ದರೆ ಸರಿಯಾಗಲು ಆರು ಗಂಟೆ ಬೇಕು, ಅಷ್ಟು ಹೊತ್ತು ಯಾರೂ ಬಿಡುವುದಿಲ್ಲ. ಅದಕ್ಕೆ ಜೋಡಿಸುವ ಮೊದಲೇ ನಾಲ್ಕನ್ನೂ ಬೇರೆಬೇರೆಯಾಗಿ ತುಂಬಿಸಿ, ಪ್ಯಾರಲಲ್ ಕಟ್ಟಿ, 3.65 ವೋಲ್ಟಿನಲ್ಲಿ ಇಟ್ಟು ಕರೆಂಟು ಸೊನ್ನೆಗೆ ಇಳಿಯುವವರೆಗೆ ಬಿಡುತ್ತೇನೆ. ಬೇಸರದ ಕೆಲಸ, ಆದರೆ ಪ್ಯಾಕು ಅವಧಿಗೆ ಮುಂಚೆ ವಾಪಸ್ ಬರುವುದು ಇದನ್ನು ಬಿಟ್ಟಾಗಲೇ.

ಕೊಡುವಾಗ ಹೇಳುವುದು ಇಷ್ಟು: ಹಗಲು ಹೊತ್ತು, ಕಣ್ಣೆದುರು, ಸಿಮೆಂಟ್ ನೆಲದ ಮೇಲೆ ಚಾರ್ಜಿಗೆ ಹಾಕಿ, ಹಾಸಿಗೆ ಮೇಲೆ, ಕಾಫಿ ಮೂಟೆಯ ಪಕ್ಕ ಬೇಡ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧ ಚಾರ್ಜ್‌ನಲ್ಲಿಟ್ಟು ವೈರ್ ಬಿಚ್ಚಿಡಿ. ಸೆಲ್ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜಿಗೆ ಹಾಕದೆ, ಮನೆಯಿಂದ ಹೊರಗಿಟ್ಟು ನನಗೆ ಫೋನ್ ಮಾಡಿ.